ಗರಾಜಿನಲ್ಲಿರುವ ಹಳೇ ಲೇತ್‌ಗೆ ನ್ಯಾಯವಾದ ಬೆಲೆ ಎಷ್ಟು?

ಕಳೆದ ಅಕ್ಟೋಬರ್‌ನ ಒಂದು ಶನಿವಾರ ಬ್ರಾಂಪ್ಟನ್‌ನಿಂದ ಫೋನ್ ಬಂತು. ನಮ್ಮ ಕನ್ನಡ ಬಳಗದ ಹಿರಿಯ ಆಂಟಿ. ಅಂಕಲ್ ತೀರಿಕೊಂಡು ಆರು ತಿಂಗಳಾಗಿತ್ತು. ವಸಂತಕಾಲದಲ್ಲಿ ಮನೆ ಮಾರಿ ಮಗಳ ಮನೆಯ ಹತ್ತಿರ ಕಾಂಡೋಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಗರಾಜು ಖಾಲಿಯಾಗಬೇಕು.

"ಏನಪ್ಪಾ, ನೀನು ಷೇರು ಗೀರು ಅಂತ ಬೆಲೆ ಕಟ್ತೀಯಲ್ಲ, ಇವರ ಮಷಿನ್‌ಗಳಿಗೂ ಒಂದು ಬೆಲೆ ಹೇಳ್ತೀಯಾ?" ಅಂದರು.

ಅವರ ಕೈಯಲ್ಲಿ ಆಗಲೇ ಎರಡು ಬೆಲೆಗಳಿದ್ದವು. ಯಾರೋ ಒಬ್ಬರು ಬಂದು ನೋಡಿ, ಎಲ್ಲವನ್ನೂ ಸೇರಿಸಿ 1,200 ಡಾಲರ್ ಕೊಡುತ್ತೇನೆ, ನಾಳೆಯೇ ಗರಾಜು ಗುಡಿಸಿ ಕೊಡುತ್ತೇನೆ ಎಂದಿದ್ದರು. ಅಂಕಲ್ ಅವರ ಅಣ್ಣನ ಮಗ ಇಂಟರ್‌ನೆಟ್ ನೋಡಿ, 9,000ಕ್ಕೆ ಒಂದು ಪೈಸೆ ಕಡಿಮೆ ಆದರೂ ಕೊಡಬೇಡಿ ಚಿಕ್ಕಮ್ಮ ಎಂದಿದ್ದ. ಒಂದೇ ಗರಾಜು, ಒಂದೇ ಸಾಮಾನು, ಏಳೂವರೆ ಪಟ್ಟು ಅಂತರ.

ಈ ಬ್ಲಾಗಿನಲ್ಲಿ ನಾನು ಸಾಮಾನ್ಯವಾಗಿ ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿ, ಬಡ್ಡಿ ದರದ ಬಗ್ಗೆ ಬರೆಯುವವನು. ಇವತ್ತು ಲೇತ್ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಪ್ರತಿದಿನ ಬೆಲೆ ಪ್ರಕಟವಾಗುವ ಷೇರಿಗೆ ಬೆಲೆ ಹೇಳುವುದು ಸುಲಭ. ವಾರಕ್ಕೊಂದು ವ್ಯವಹಾರವೂ ಆಗದ, ಒಂದರಂತೆ ಇನ್ನೊಂದಿಲ್ಲದ, ಐನೂರು ಕಿಲೋ ತೂಗುವ ವಸ್ತುವಿಗೆ ಬೆಲೆ ಕಟ್ಟುವಾಗ ಮಾತ್ರ ನಾವು ಎಂಬಿಎಯಲ್ಲಿ ಕಲಿತದ್ದು ನಿಜವಾಗಿ ಪರೀಕ್ಷೆಗೆ ಬೀಳುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನನಗೆ ಸ್ವಾರ್ಥವಿತ್ತು. ಆ ಲೇತ್ ನನಗೂ ಬೇಕಿತ್ತು.

ಗರಾಜಿನಲ್ಲಿ ಏನಿತ್ತು

ನಾನು ಹರಿಹರದವನು. ನಮ್ಮೂರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೇ ಹೆಸರುವಾಸಿ. ನನ್ನ ಸೋದರಮಾವ ಅಲ್ಲಿ ಟರ್ನರ್ ಆಗಿದ್ದರು. ಬ್ರಾಂಪ್ಟನ್ ಅಂಕಲ್ ಬೆಂಗಳೂರಿನ ಎಚ್‌ಎಂಟಿಯಲ್ಲಿ ಕೆಲಸ ಕಲಿತವರು. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಲ್ಲಿ ಆರಂಭವಾದ ಎಚ್‌ಎಂಟಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಕೈಗಡಿಯಾರ ನೆನಪಾಗುತ್ತದೆ. ಆದರೆ ಹೆಸರಿನಲ್ಲೇ ಇರುವಂತೆ ಅದು ಮೊದಲು ಮಷಿನ್ ಟೂಲ್ಸ್ ಕಾರ್ಖಾನೆ. ಎಪ್ಪತ್ತರ ದಶಕದಲ್ಲಿ ಅಂಕಲ್ ಕೆನಡಾಕ್ಕೆ ಬಂದು, ಮಿಸ್ಸಿಸಾಗಾದ ಒಂದು ಟೂಲ್ ಅಂಡ್ ಡೈ ಶಾಪಿನಲ್ಲಿ ನಿವೃತ್ತಿಯವರೆಗೂ ದುಡಿದರು.

ಹೀಗೆ ಬಂದವರು ಅವರೊಬ್ಬರೇ ಅಲ್ಲ. ಟೊರಾಂಟೊ ಸುತ್ತಮುತ್ತ ಲೋಹದ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. ಇವತ್ತಿನ ಮ್ಯಾಗ್ನಾ ಕಂಪನಿಯೇ 1957ರಲ್ಲಿ ಟೊರಾಂಟೊದ ಒಂದು ಪುಟ್ಟ ಟೂಲ್ ಅಂಡ್ ಡೈ ಶಾಪ್ ಆಗಿ ಹುಟ್ಟಿದ್ದು. ಅಂಥ ನೂರಾರು ಶಾಪುಗಳು, ಜೊತೆಗೆ ಹೈಸ್ಕೂಲುಗಳ ವರ್ಕ್‌ಶಾಪುಗಳು ಮುಚ್ಚುತ್ತಾ ಬಂದಂತೆ ಆ ಮಷಿನ್‌ಗಳು ಮನೆಗಳ ಗರಾಜಿಗೂ ಬೇಸ್‌ಮೆಂಟಿಗೂ ಇಳಿದವು. ಈಗ ಅವನ್ನು ಕೊಂಡ ತಲೆಮಾರು ಮನೆ ಖಾಲಿ ಮಾಡುತ್ತಿದೆ. ಈ ಲೇಖನದ ಲೆಕ್ಕ ಮುಂದೆ ನಿಮಗೋ, ನಿಮ್ಮ ಪಕ್ಕದ ಮನೆಯವರಿಗೋ ಬೇಕಾದೀತು.

ಆಂಟಿಯ ಗರಾಜಿನಲ್ಲಿ ಇದ್ದದ್ದು ಮೂರು ಬಗೆಯ ಸಾಮಾನು:

1. ಒಂದು ಸ್ಟ್ಯಾಂಡರ್ಡ್ ಮಾಡರ್ನ್ ಲೇತ್. ಟೊರಾಂಟೊದ ಕಂಪನಿ. ಕೆನಡಾದ ಶಾಲೆಗಳ ವರ್ಕ್‌ಶಾಪುಗಳಲ್ಲಿ ಮಕ್ಕಳು ಕೆಲಸ ಕಲಿತದ್ದು ಬಹುಮಟ್ಟಿಗೆ ಇದೇ ಹೆಸರಿನ ಲೇತ್‌ಗಳ ಮೇಲೆ. ಇದೂ ಶಾಲೆಯಿಂದ ಬಂದದ್ದೇ.
2. ತೈವಾನ್‌ನಲ್ಲಿ ಮಾಡಿದ ಒಂದು ಮಿಲ್-ಡ್ರಿಲ್, ಅಂದರೆ ದುಂಡು ಕಂಬದ ಚಿಕ್ಕ ಮಿಲ್ಲಿಂಗ್ ಮಷಿನ್.
3. ಒಂಬತ್ತು ಡ್ರಾಯರ್‌ಗಳ ತುಂಬಾ ಮೈಕ್ರೋಮೀಟರ್, ರೀಮರ್, ಎಂಡ್ ಮಿಲ್, ಕಾಲೆಟ್, ಇನ್ನೂ ನನಗೆ ಹೆಸರೇ ಗೊತ್ತಿಲ್ಲದ ಹತ್ತಾರು ಉಪಕರಣಗಳು.

"ನ್ಯಾಯವಾದ ಬೆಲೆ" ಎನ್ನುವುದು ಒಂದೇ ಅಲ್ಲ

ಬೆಲೆ ಕಟ್ಟುವ ವೃತ್ತಿಯವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಸಮಯ ಇದೆ?" ಅದರ ಮೇಲೆ ಮೂರು ಬೆಲೆಗಳು ಹುಟ್ಟುತ್ತವೆ.

ಮೊದಲನೆಯದು ಮಾರುಕಟ್ಟೆ ಬೆಲೆ. ಕೊಳ್ಳುವವನಿಗೂ ಮಾರುವವನಿಗೂ ಅವಸರವಿಲ್ಲ, ಇಬ್ಬರಿಗೂ ವಿಷಯ ಗೊತ್ತಿದೆ, ಆಗ ಕುದುರುವ ಬೆಲೆ. ಎರಡನೆಯದು, ಕೆಲವು ವಾರಗಳ ಗಡುವಿನೊಳಗೆ ಕ್ರಮವಾಗಿ ಮಾರಿದರೆ ಬರುವ ಬೆಲೆ. ಮೂರನೆಯದು, ಇವತ್ತೇ, ಒಟ್ಟಿಗೆ, ಯಾರು ಬಂದರೆ ಅವರಿಗೆ ಕೊಟ್ಟರೆ ಬರುವ ಬೆಲೆ.

1,200 ಡಾಲರ್ ಹೇಳಿದವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅವರು ಮೂರನೇ ಬೆಲೆ ಹೇಳಿದರು, ಅದರಲ್ಲೂ ತೀರ ಕೆಳಗಿನದು. ಟ್ರಕ್ಕು, ಇಬ್ಬರು ಆಳು, ಗೋದಾಮಿನ ಬಾಡಿಗೆ, ಮಾರಾಟವಾಗದೆ ಉಳಿಯುವ ಸಾಮಾನು, ಎಲ್ಲ ಅವರ ತಲೆಯ ಮೇಲೆ. ಆದರೆ ಆಂಟಿಗೆ ಆರು ತಿಂಗಳು ಸಮಯವಿತ್ತು. ಸಮಯ ಇರುವವರು ಅವಸರದ ಬೆಲೆಗೆ ಮಾರಬೇಕಿಲ್ಲ. ಅಣ್ಣನ ಮಗ ಹೇಳಿದ 9,000 ಇನ್ನೊಂದು ಬಗೆಯ ತಪ್ಪು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಾಣುವ ಬೆಲೆ ಏಕೆ ಯಾವಾಗಲೂ ಜಾಸ್ತಿ

ಕಿಜಿಜಿಯಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಲೇತ್ ಅಂತ ಹುಡುಕಿ, ಕಂಡ ಬೆಲೆಗಳ ಸರಾಸರಿ ತೆಗೆದರೆ ತಪ್ಪು ಉತ್ತರ ಬರುತ್ತದೆ. ಜನ ಜಾಸ್ತಿ ಹೇಳುತ್ತಾರೆ ಎನ್ನುವುದು ಅರ್ಧ ಕಾರಣ ಮಾತ್ರ. ಇನ್ನರ್ಧ ಶುದ್ಧ ಗಣಿತ.

ಹೀಗೆ ಅಂದುಕೊಳ್ಳಿ. ತಿಂಗಳಿಗೆ ಸರಿಯಾದ ಬೆಲೆಯ 10 ಮಷಿನ್ ಮಾರಾಟಕ್ಕೆ ಬರುತ್ತವೆ, ದುಬಾರಿ ಬೆಲೆಯ 10 ಬರುತ್ತವೆ. ಸರಿಯಾದ ಬೆಲೆಯದು 3 ದಿನಕ್ಕೆ ಹೋಗುತ್ತದೆ. ದುಬಾರಿಯದು 60 ದಿನ ಹಾಗೇ ಕೂತಿರುತ್ತದೆ. ನೀವು ಯಾವುದೋ ಒಂದು ದಿನ ನೋಡಿದರೆ ಏನು ಕಾಣುತ್ತದೆ? ಸರಿಯಾದ ಬೆಲೆಯದು ಸರಾಸರಿ 1, ದುಬಾರಿಯದು 20. ಬಂದದ್ದರಲ್ಲಿ ಅರ್ಧ ಸರಿಯಾದ ಬೆಲೆಯದಾದರೂ, ನಿಮ್ಮ ಕಣ್ಣಿಗೆ ಬೀಳುವುದು 21ರಲ್ಲಿ ಒಂದು. ಅಂದರೆ ಜಾಹೀರಾತಿನ ಪುಟ ಎಂದರೆ ಬಹುಮಟ್ಟಿಗೆ ಮಾರಾಟವಾಗದೆ ಉಳಿದ ಬೆಲೆಗಳ ಪ್ರದರ್ಶನ.

ಪರಿಹಾರ ಸರಳ, ಆದರೆ ತಾಳ್ಮೆ ಬೇಕು. ಒಂದು ಪುಸ್ತಕ ಇಟ್ಟುಕೊಳ್ಳಿ. ನಿಮಗೆ ಬೇಕಾದ ಬಗೆಯ ಮಷಿನ್‌ನ ಜಾಹೀರಾತು ಬಂದ ದಿನಾಂಕ, ಬೆಲೆ, ಬೆಲೆ ಇಳಿಸಿದ್ದರೆ ಎಷ್ಟು, ಮಾಯವಾದ ದಿನಾಂಕ, ಇಷ್ಟು ಬರೆಯಿರಿ. ಬೇಗ ಮಾಯವಾದವುಗಳ ಬೆಲೆಯೇ ನಿಮಗೆ ಹೋಲಿಕೆಯ ಬೆಲೆ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಸೌಲಭ್ಯವಿದೆ. ಅಂಚೆಯಲ್ಲಿ ಕಳಿಸಬಹುದಾದ ಚಿಕ್ಕ ಉಪಕರಣಗಳಿಗೆ ಅದು ಬಹಳ ಒಳ್ಳೆಯ ಆಧಾರ.

ನಾನು ಆರು ವಾರ ಹೀಗೆ ಬರೆದಿಟ್ಟೆ. ಆಂಟಿಯ ಲೇತ್‌ನ ಗಾತ್ರದವು ಕೆಲವೇ ಬಂದವು. ಹತ್ತು ದಿನದೊಳಗೆ ಹೋದವು 2,000ದಿಂದ 2,400ರ ಒಳಗೆ ಕೇಳಿದ್ದಂಥವು. 4,000 ಆಸುಪಾಸು ಕೇಳಿದವು ಕ್ರಿಸ್‌ಮಸ್ ದೀಪ ಹಚ್ಚಿದ ಮೇಲೂ ಅಲ್ಲೇ ಇದ್ದವು. ಅಣ್ಣನ ಮಗ ನೋಡಿದ್ದು ಇವುಗಳನ್ನೇ.

ಇನ್ನೊಂದು ಎಚ್ಚರಿಕೆ. ಅಮೆರಿಕದ ಬೆಲೆ ನೋಡಿ ಮೋಸಹೋಗಬೇಡಿ. ಓಹಾಯೋದಲ್ಲಿ 1,500ಕ್ಕೆ ಸಿಗುತ್ತದೆ ಎಂದರೆ ಅದು ಅಮೆರಿಕನ್ ಡಾಲರ್. ವಿನಿಮಯ ದರ, ಸಾಗಣೆ, ಗಡಿಯಲ್ಲಿ ತೆರಿಗೆ, ಒಂದು ದಿನದ ಓಡಾಟ ಎಲ್ಲ ಸೇರಿಸಿದ ಮೇಲೆ ಹೋಲಿಸಿ.

ನೆಲ ಮತ್ತು ಸೂರು

ಯಾವುದೇ ವಸ್ತುವಿಗೆ ಬೆಲೆ ಕಟ್ಟುವ ಮೊದಲು ನಾನು ಎರಡು ಗೆರೆ ಹಾಕುತ್ತೇನೆ. ಕೆಳಗಿನದು ಗುಜರಿ ಬೆಲೆ, ಅಂದರೆ ತೂಕದ ಲೆಕ್ಕ. ಐನೂರು ಕಿಲೋ ಬೀಡಿಗೆ ಕಿಲೋಗೆ 20 ಸೆಂಟ್ ಅಂದುಕೊಂಡರೂ 100 ಡಾಲರ್. ಅದನ್ನು ಗುಜರಿಗೆ ಸಾಗಿಸುವ ಖರ್ಚೇ ಅದಕ್ಕಿಂತ ಜಾಸ್ತಿ. ಅದಕ್ಕೇ ಕೆಲವರು "ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ" ಎನ್ನುವುದು.

ಮೇಲಿನದು ಹೊಸದರ ಬೆಲೆ. ಅಷ್ಟೇ ಸಾಮರ್ಥ್ಯದ ಹೊಸ ಆಮದು ಲೇತ್ ಅಂಗಡಿಯಲ್ಲಿ 5,000 ಇದ್ದರೆ, ಒಂಟಾರಿಯೊದ 13% ಎಚ್‌ಎಸ್‌ಟಿ ಸೇರಿ 5,650. ಖಾಸಗಿಯವರ ಮನೆಯಿಂದ ಇಂಥ ಹಳೇ ಸಾಮಾನು ಕೊಂಡರೆ ಎಚ್‌ಎಸ್‌ಟಿ ಇಲ್ಲ. ವ್ಯಾಪಾರಿಯಿಂದ ಹಳೆಯದನ್ನೇ ಕೊಂಡರೂ ಎಚ್‌ಎಸ್‌ಟಿ ಉಂಟು. ಆದ್ದರಿಂದ ಬೆಲೆ ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಬೇಕು.

ಹಳೇ ಮಷಿನ್ ಹೊಸದರ ಬೆಲೆಯನ್ನು ಮುಟ್ಟುವುದು ಅಪರೂಪ. ಒಳ್ಳೆಯ ಹಳೇ ಮಷಿನ್ ತೂಕವಾಗಿ, ಗಟ್ಟಿಯಾಗಿರುತ್ತದೆ, ಕೆಲಸವೂ ಚೆನ್ನಾಗಿ ಬರುತ್ತದೆ. ಆದರೆ ಅದಕ್ಕೆ ವಾರಂಟಿ ಇಲ್ಲ, ಬಿಡಿಭಾಗದ ಖಾತರಿ ಇಲ್ಲ. ಬಿಡಿಭಾಗ ಸಿಗುವುದೋ ಇಲ್ಲವೋ ಎನ್ನುವುದರ ಮೇಲೆ ಬ್ರ್ಯಾಂಡಿನ ಬೆಲೆ ನಿಂತಿರುತ್ತದೆ. ಅಮೆರಿಕದ ಸೌತ್ ಬೆಂಡ್ 9 ಇಂಚಿನ ಲೇತ್‌ಗಳು ಬಹಳ ಸಂಖ್ಯೆಯಲ್ಲಿ ಬಂದದ್ದರಿಂದ ಅವುಗಳ ಹಳೇ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಹೆಸರೇ ಕೇಳದ ಕಂಪನಿಯ ಮಷಿನ್‌ನ ಒಂದು ಗೇರ್ ಒಡೆದರೆ ಆ ಗೇರನ್ನು ನೀವೇ ಮಾಡಿಕೊಳ್ಳಬೇಕು.

ಬಣ್ಣ ನೋಡಬೇಡಿ, ಬೆಡ್ ನೋಡಿ

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಉದಾಹರಣೆ ಕೊಟ್ಟು ಒಂದು ಪ್ರಬಂಧ ಬರೆದರು. ಮಾರುವವನಿಗೆ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲವನ್ನೂ ಅನುಮಾನದಿಂದ ನೋಡಿ ಕಡಿಮೆ ಬೆಲೆ ಹೇಳುತ್ತಾನೆ, ಒಳ್ಳೆಯ ಕಾರು ಇಟ್ಟುಕೊಂಡವನು ಮಾರುಕಟ್ಟೆಗೇ ಬರುವುದಿಲ್ಲ. 2001ರಲ್ಲಿ ಅವರಿಗೆ ನೊಬೆಲ್ ಬಂತು. ಹಳೇ ಮಷಿನ್ ವಿಷಯದಲ್ಲೂ ಇದೇ ಕಥೆ. ವ್ಯತ್ಯಾಸವೆಂದರೆ ಇಲ್ಲಿ ಅನುಮಾನವನ್ನು ಇಪ್ಪತ್ತು ನಿಮಿಷದಲ್ಲಿ ಪರಿಹರಿಸಿಕೊಳ್ಳಬಹುದು. ಒಂದು ಡಯಲ್ ಇಂಡಿಕೇಟರ್, ಒಂದು ಮೈಕ್ರೋಮೀಟರ್, ಒಂದು ತುಂಡು ದುಂಡು ಸರಳು ಜೇಬಿನಲ್ಲಿರಲಿ.

ನಾನು ನೋಡುವ ಕ್ರಮ ಇದು:

ಮೊದಲು ಓಡಿಸಿ ನೋಡಿ. ಎಲ್ಲ ವೇಗಗಳಲ್ಲೂ ಓಡಿಸಿ, ಕಿವಿಗೊಟ್ಟು ಕೇಳಿ. ತಾಳ ತಪ್ಪಿ ಟಕ್ ಟಕ್ ಎಂದರೆ ಗೇರ್‌ನ ಹಲ್ಲು ಮುರಿದಿರಬಹುದು. ಓಡಿಸಿ ತೋರಿಸಲಾಗದ ಮಷಿನ್‌ಗೆ, ಕಾರಣ ಏನೇ ಇರಲಿ, ಓಡದ ಮಷಿನ್‌ನ ಬೆಲೆ.

ಎರಡನೆಯದು ಬೆಡ್‌ನ ಸವೆತ. ಎಲ್ಲರೂ ಕೆಲಸ ಮಾಡುವುದು ಚಕ್‌ನ ಹತ್ತಿರ, ಹಾಗಾಗಿ ಅಲ್ಲೇ ಸವೆಯುತ್ತದೆ. ಚಕ್‌ನ ಹತ್ತಿರ ಕ್ಯಾರೇಜನ್ನು ಸ್ವಲ್ಪ ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ಸರಿಸಿ. ಅಲ್ಲಿ ಹೋಗಿ ಸಿಕ್ಕಿಕೊಂಡರೆ ಚಕ್‌ನ ಬಳಿ ಬೆಡ್ ಸವೆದಿದೆ ಎಂದರ್ಥ.

ಮೂರನೆಯದು ಸ್ಪಿಂಡಲ್. ಡಯಲ್ ಇಂಡಿಕೇಟರ್ ಇಟ್ಟು ತಿರುಗಿಸಿ, ಮುಳ್ಳು ಎಷ್ಟು ಓಲಾಡುತ್ತದೆ ನೋಡಿ. ಒಂದು ಉದ್ದ ಸರಳು ಹಿಡಿದು ಮೇಲಕ್ಕೆ ಒತ್ತಿದಾಗಲೂ ಮುಳ್ಳು ಜಿಗಿದರೆ ಬೇರಿಂಗ್ ಕಡೆ ಗಮನ ಕೊಡಬೇಕು.

ಕೊನೆಗೆ ಸರಳನ್ನು ಹಿಡಿದು ಒಂದು ತೆಳು ಕಟ್ ತೆಗೆದು, ಎರಡೂ ತುದಿಗಳ ವ್ಯಾಸ ಅಳೆಯಿರಿ. ಮಾರುವವರ ಹತ್ತು ಮಾತಿಗಿಂತ ಆ ಎರಡು ಅಂಕಿ ಮೇಲು.

ದೋಷಗಳಲ್ಲಿ ಅಗ್ಗದ್ದು, ದುಬಾರಿಯದು ಎಂದು ಎರಡು ಬಗೆ. ಮೇಲ್ಮೈ ತುಕ್ಕು, ಕೊಳೆ, ಉದುರಿದ ಬಣ್ಣ, ಹರಿದ ಬೆಲ್ಟು, ಹ್ಯಾಂಡಲ್ ತಿರುಗಿಸುವಾಗಿನ ಸಡಿಲ, ಇವೆಲ್ಲ ನೋಡಲು ಅಸಹ್ಯ, ಸರಿಪಡಿಸಲು ಅಗ್ಗ. ಸವೆದ ಬೆಡ್, ಮುರಿದ ಗೇರ್, ಬಿರುಕು ಬಿಟ್ಟ ಎರಕ, ಕಳೆದುಹೋದ ಥ್ರೆಡ್ಡಿಂಗ್ ಗೇರ್‌ಗಳು, ಇವು ನೋಡಲು ಏನೂ ಅನ್ನಿಸುವುದಿಲ್ಲ, ಸರಿಪಡಿಸಲು ಮಷಿನ್‌ನ ಬೆಲೆಯಷ್ಟೇ ಆದೀತು. ಜನ ಬೆಲೆ ಇಳಿಸುವುದು ಮೊದಲನೆಯದಕ್ಕೆ. ಹಾಗಾಗಿ ಕೊಳೆಯಾದರೂ ಬೆಡ್ ಚೆನ್ನಾಗಿರುವ ಮಷಿನ್‌ನಲ್ಲಿ ಲಾಭವಿದೆ, ಹೊಸ ಬಣ್ಣ ಬಳಿದು ನಿಲ್ಲಿಸಿದ್ದರಲ್ಲಿ ಅಪಾಯವಿದೆ.

ನಾನು ತಪ್ಪಿದ್ದು: 575 ವೋಲ್ಟ್

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. 2020ರ ಲಾಕ್‌ಡೌನ್‌ನಲ್ಲಿ ಬೇಸ್‌ಮೆಂಟಿನಲ್ಲಿ ಒಂದು ಪುಟಾಣಿ ಚೀನೀ ಲೇತ್ ಇಟ್ಟುಕೊಂಡು ಶುರುಮಾಡಿದವನು, ಮರುವರ್ಷ ಧೈರ್ಯ ಬಂದು ಮುಚ್ಚುತ್ತಿದ್ದ ಶಾಪೊಂದರ ಆನ್‌ಲೈನ್ ಹರಾಜಿನಲ್ಲಿ ಒಂದು ಮಿಲ್ಲಿಂಗ್ ಮಷಿನ್ ಕೂಗಿದೆ. 1,400ಕ್ಕೆ ನನ್ನ ಹೆಸರಿಗೆ ಬಂತು. ಗೆದ್ದೆ ಅಂತ ಹೆಂಡತಿಗೂ ಹೇಳಿದೆ. ಆಮೇಲಿನ ಲೆಕ್ಕ ನೋಡಿ:

ಕೂಗಿದ ಬೆಲೆ: 1,400
ಹರಾಜಿನವರ ಪ್ರೀಮಿಯಂ 16%: 224
ಎರಡರ ಮೇಲೂ 13% ಎಚ್‌ಎಸ್‌ಟಿ: 211
ಎತ್ತಿ ಇಳಿಸಿ ಸಾಗಿಸಿದ್ದು: 450
ಹೊಸ ಮೋಟರ್ ಮತ್ತು ವಿಎಫ್‌ಡಿ: 700
ಒಟ್ಟು: 2,985

ಕೊನೆಯ ಸಾಲು ನನ್ನ ಅಜ್ಞಾನದ ದಂಡ. ಕೆನಡಾದ ಕಾರ್ಖಾನೆಗಳಲ್ಲಿ ಮೂರು ಫೇಸ್‌ನ 575 ಅಥವಾ 600 ವೋಲ್ಟ್ ಸಾಮಾನ್ಯ. ನಮ್ಮ ಮನೆಗಳಿಗೆ ಬರುವುದು ಒಂದೇ ಫೇಸ್‌ನ 120 ಮತ್ತು 240 ವೋಲ್ಟ್. ಒಂದು ಫೇಸ್‌ನಿಂದ ಮೂರು ಫೇಸ್ ಮಾಡಿಕೊಡುವ ವಿಎಫ್‌ಡಿ ಎಂಬ ಡಬ್ಬಿ ಹಾಕಿದರೆ ಆಯಿತು ಎಂದು ಅಮೆರಿಕದ ವಿಡಿಯೋಗಳಲ್ಲಿ ಹೇಳುವುದನ್ನು ಕೇಳಿ ನಾನೂ ನಂಬಿದ್ದೆ. ಅಮೆರಿಕದ ಮೋಟರ್‌ಗಳು ಬಹಳಷ್ಟು 230/460 ವೋಲ್ಟಿನವು, ಅವಕ್ಕೆ ಅದು ಸರಿ. 575ಕ್ಕೆ ಸುತ್ತಿದ ಮೋಟರ್‌ಗೆ 240 ಕೊಟ್ಟರೆ ಪೂರ್ತಿ ವೇಗದಲ್ಲಿ ಅದಕ್ಕೆ ಬಲವೇ ಬರುವುದಿಲ್ಲ. ಮೋಟರನ್ನೇ ಬದಲಿಸಬೇಕು, ಇಲ್ಲವೇ ಟ್ರಾನ್ಸ್‌ಫಾರ್ಮರ್ ತರಬೇಕು.

ಮೋಟರ್ ಮೇಲಿನ ಆ ಪುಟ್ಟ ತಗಡಿನ ಫಲಕ ಓದಲು ಹತ್ತು ಸೆಕೆಂಡ್ ಸಾಕಿತ್ತು. ನಮ್ಮ ಭಾಗದಲ್ಲಿ ಹಳೇ ಮಷಿನ್ ಕೊಳ್ಳುವ ಯಾರಿಗೇ ಆಗಲಿ ನಾನು ಹೇಳುವ ಮೊದಲ ಮಾತು ಇದೇ: ಫೋಟೋದಲ್ಲಿ ಮೋಟರ್‌ನ ಫಲಕ ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ.

ಹರಾಜಿನ ಇನ್ನೊಂದು ಪಾಠವನ್ನು ಹಣಕಾಸಿನವರು ಗೆದ್ದವನ ಶಾಪ ಎನ್ನುತ್ತಾರೆ. ಇಪ್ಪತ್ತು ಜನ ಕೂಗಿದಾಗ ಗೆಲ್ಲುವವನು ಅತಿ ಆಶಾವಾದಿ, ಅಂದರೆ ಬಹಳ ಸಲ ಎಲ್ಲರಿಗಿಂತ ಹೆಚ್ಚು ತಪ್ಪಿದವನು. ಅದಕ್ಕೇ ಮನೆಯಲ್ಲಿ ಕೂತು ಹಿಂದಿನಿಂದ ಲೆಕ್ಕ ಹಾಕಿ. ಗರಾಜಿನಲ್ಲಿ ಓಡುವ ಸ್ಥಿತಿಗೆ ಬರುವಾಗ ನನಗೆ ಇಷ್ಟಾಗಬೇಕು ಎಂದು ಬರೆದು, ಸಾಗಣೆ, ತೆರಿಗೆ, ರಿಪೇರಿ ಕಳೆದು, ಉಳಿದದ್ದು ನಿಮ್ಮ ಕೂಗಿನ ಮಿತಿ. ಆ ಅಂಕಿ ದಾಟಿದರೆ ಲ್ಯಾಪ್‌ಟಾಪ್ ಮುಚ್ಚಿ.

ಆಂಟಿಯ ಲೇತ್‌ನ ಲೆಕ್ಕ

ಈಗ ಬ್ರಾಂಪ್ಟನ್‌ಗೆ ವಾಪಸ್. ಹೋಲಿಕೆಯ ಬೆಲೆಯಿಂದ ಶುರುಮಾಡಿ, ಆ ಮಷಿನ್‌ಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕೂಡಿಸಿ ಕಳೆಯುವುದು ವಿಧಾನ. ಮನೆಗೆ ಬೆಲೆ ಕಟ್ಟುವವರು ಮಾಡುವುದೂ ಇದನ್ನೇ.

ಬೇಗ ಮಾರಾಟವಾದ ಹೋಲಿಕೆಗಳ ಮಧ್ಯದ ಬೆಲೆ: 2,200
ಅವುಗಳಲ್ಲಿ ಹೆಚ್ಚಿನವು 575 ವೋಲ್ಟಿನವು. ಅಂಕಲ್ ತಮ್ಮದಕ್ಕೆ ಮೋಟರ್ ಬದಲಿಸಿ, ಮನೆಯ ಕರೆಂಟಿಗೆ ಓಡುವಂತೆ ಮಾಡಿದ್ದರು: +500
ನಾಲ್ಕು ಜಾ ಚಕ್, ಸ್ಟೆಡಿ ರೆಸ್ಟ್, ಬೇಗ ಬದಲಿಸುವ ಟೂಲ್‌ಪೋಸ್ಟ್: +500
ಚಕ್‌ನ ಹತ್ತಿರ ಬೆಡ್ ಸವೆತ: −250
ಸವೆದ ಹಾಫ್ ನಟ್: −150
ಒಟ್ಟು: 2,800

ಇಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಸಾಗಣೆಯ ಖರ್ಚನ್ನು ನಾನು ಕಳೆದಿಲ್ಲ. ಏಕೆಂದರೆ ಹೋಲಿಕೆಯ ಮಷಿನ್‌ಗಳನ್ನು ಕೊಂಡವರೂ ಸಾಗಣೆಗೆ ಕೊಟ್ಟಿದ್ದಾರೆ. ಅದು ಆ ಬೆಲೆಯೊಳಗೇ ಸೇರಿದೆ. ಮತ್ತೆ ಕಳೆದರೆ ಎರಡು ಸಲ ಕಳೆದಂತೆ. ಬೇಸ್‌ಮೆಂಟಿನಿಂದ ಮೆಟ್ಟಿಲು ಹತ್ತಿಸಬೇಕಿದ್ದರೆ ಆ ಹೆಚ್ಚುವರಿ ಕಷ್ಟವನ್ನು ಮಾತ್ರ ಕಳೆಯಬೇಕು. ಎರಡು, ಬಿಡಿಸಾಮಾನಿನ ಬೆಲೆ. ಹೊಸದಾಗಿ ಕೊಂಡರೆ ಆ ಚಕ್, ಸ್ಟೆಡಿ ರೆಸ್ಟ್ ಎಲ್ಲ ಸಾವಿರ ದಾಟುತ್ತವೆ. ಆದರೆ ಮಾರುಕಟ್ಟೆ ಅರ್ಧಕ್ಕಿಂತ ಹೆಚ್ಚು ಗೌರವ ಕೊಡುವುದಿಲ್ಲ. ಕೊಳ್ಳುವವರು ನೆನಪಿಡಬೇಕಾದದ್ದು ಇದರ ತಿರುವು ಮುರುವು. ಬರೀ ಮಷಿನ್ ಅಗ್ಗಕ್ಕೆ ಕೊಂಡು ಟೂಲಿಂಗ್ ಒಂದೊಂದಾಗಿ ಕೊಂಡರೆ ಮಷಿನ್‌ನಷ್ಟೇ ದುಡ್ಡು ಟೂಲಿಂಗ್‌ಗೂ ಹೋಗುತ್ತದೆ. ಸಾಮಾನು ಸಮೇತ ಸಿಕ್ಕರೆ ಬಿಡಬೇಡಿ.

ಮಿಲ್-ಡ್ರಿಲ್‌ಗೆ ಇದೇ ರೀತಿ 1,400 ಬಂತು. ದುಂಡು ಕಂಬದ ಮಷಿನ್‌ನಲ್ಲಿ ತಲೆಯನ್ನು ಮೇಲೆ ಕೆಳಗೆ ಮಾಡಿದರೆ ಹಿಡಿದಿಟ್ಟ ಸ್ಥಾನ ತಪ್ಪಿಹೋಗುತ್ತದೆ. ಆ ದೌರ್ಬಲ್ಯ ಎಲ್ಲರಿಗೂ ಗೊತ್ತಿರುವುದರಿಂದ ಅದು ಬೆಲೆಯಲ್ಲೇ ಸೇರಿಕೊಂಡಿರುತ್ತದೆ. ಡ್ರಾಯರ್‌ಗಳ ಸಾಮಾನನ್ನು ಒಂದೊಂದಾಗಿ ಮಾರಿದರೆ 1,800, ಒಟ್ಟಿಗೆ ಮಾರಿದರೆ 800 ಎಂದು ಅಂದಾಜಿಸಿದೆ. ಒಂದೊಂದಾಗಿ ಮಾರಲು ಕನಿಷ್ಠ 40 ಗಂಟೆ ಬೇಕು. 1,000 ಡಾಲರ್ ವ್ಯತ್ಯಾಸಕ್ಕೆ 40 ಗಂಟೆ, ಅಂದರೆ ಗಂಟೆಗೆ 25 ಡಾಲರ್. ಜೊತೆಗೆ ಎಪ್ಪತ್ತು ದಾಟಿದ ಒಂಟಿ ಹೆಂಗಸಿನ ಮನೆಗೆ ದಿನಾ ಅಪರಿಚಿತರು. ಆಂಟಿ "ಒಟ್ಟಿಗೇ ಕೊಟ್ಟುಬಿಡು" ಅಂದರು. ಅದು ಲೆಕ್ಕಕ್ಕೂ ಸರಿಯಾಗಿಯೇ ಇತ್ತು.

ಹಾಗಾಗಿ ನನ್ನ ವರದಿ: ಅವಸರವಿಲ್ಲದೆ, ಎಲ್ಲವನ್ನೂ ಬಿಡಿಬಿಡಿಯಾಗಿ ಮಾರಿದರೆ 6,000. ಮಷಿನ್ ಎರಡನ್ನು ಬೇರೆ ಬೇರೆ, ಉಳಿದದ್ದನ್ನು ಒಟ್ಟಿಗೆ ಮಾರಿದರೆ 5,000. 9,000 ಕನಸು, 1,200 ಅನ್ಯಾಯ.

ತೆರಿಗೆಯ ಮಾತು

ಚುಟುಕಾಗಿ ಹೇಳುತ್ತೇನೆ. ಮನೆಬಳಕೆಯ ಇಂಥ ವಸ್ತುಗಳನ್ನು ಕೆನಡಾದ ತೆರಿಗೆ ಕಾನೂನು ಸ್ವಂತ ಬಳಕೆಯ ಆಸ್ತಿ ಎಂದು ನೋಡುತ್ತದೆ. ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೂ ಕನಿಷ್ಠ 1,000 ಡಾಲರ್ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಸಾವಿರದೊಳಗೆ ಮಾರಿದ ವಸ್ತುವಿನ ಮೇಲೆ ಲಾಭವೆಂಬುದೇ ಇಲ್ಲ. 1,500ಕ್ಕೆ ಕೊಂಡ ಲೇತ್ 2,600ಕ್ಕೆ ಹೋದರೆ 1,100 ಲಾಭ, ಅದರಲ್ಲಿ ಅರ್ಧ ಆದಾಯಕ್ಕೆ ಸೇರುತ್ತದೆ. ನಷ್ಟವಾದರೆ ಅದನ್ನು ಕಳೆದುಕೊಳ್ಳಲು ಬಿಡುವುದಿಲ್ಲ. ಹಾಗಂತ ಕೊಂಡು ಮಾರುವುದನ್ನೇ ರೂಢಿ ಮಾಡಿಕೊಂಡರೆ ಅದು ವ್ಯಾಪಾರ, ಆಗ ನಿಯಮವೇ ಬೇರೆ. ತೀರಿಹೋದವರ ಆಸ್ತಿಯ ವಿಷಯದಲ್ಲಿ ನಿಮ್ಮ ಅಕೌಂಟೆಂಟ್‌ರನ್ನು ಒಂದು ಮಾತು ಕೇಳಿಕೊಳ್ಳಿ.

ನನ್ನ ಸ್ವಾರ್ಥದ ಕಥೆ

ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟಾಗ ಆಂಟಿ ಓದಿ, "ಹಾಗಾದ್ರೆ ಲೇತ್ ನೀನೇ ಇಟ್ಕೋ, ಎರಡು ಸಾವಿರ ಕೊಡು ಸಾಕು. ಅವರಿಗೂ ಸಂತೋಷ ಆಗ್ತಿತ್ತು" ಅಂದರು.

ಬಾಯಿಗೆ ನೀರು ಬಂದದ್ದು ನಿಜ. ಆದರೆ ಬೆಲೆ ಹೇಳಿದವನೇ ಕೊಳ್ಳುವವನೂ ಆದರೆ ಆ ಬೆಲೆಗೆ ಅರ್ಥವಿಲ್ಲ. ನಾನು ಬೆಡ್ ಸವೆತಕ್ಕೆ 250 ಕಳೆದದ್ದು ಸರಿಯೋ, ನನಗೇ ಗೊತ್ತಾಗದಂತೆ ಆಸೆ ಅಲ್ಲಿ 100 ಸೇರಿಸಿತ್ತೋ? ಖಚಿತವಾಗಿ ಹೇಳಲಾರೆ. ಆಫೀಸಿನಲ್ಲಿ ನಾವು ವಿಶ್ಲೇಷಣೆ ಬರೆಯುವ ಕಂಪನಿಯ ಷೇರನ್ನು ಇಟ್ಟುಕೊಂಡಿದ್ದರೆ ಬರವಣಿಗೆಯಲ್ಲಿ ತಿಳಿಸಬೇಕು. ಗರಾಜಿನಲ್ಲಿ ಅಂಥ ನಿಯಮ ಹಾಕುವವರು ಯಾರೂ ಇಲ್ಲ, ನಾವೇ ಹಾಕಿಕೊಳ್ಳಬೇಕು. "ಮೊದಲು ಜಾಹೀರಾತು ಹಾಕೋಣ ಆಂಟಿ. ಮೂರು ವಾರದಲ್ಲಿ ಯಾರೂ ಬರದಿದ್ದರೆ ನಾನು 2,800ಕ್ಕೇ ತಗೋತೀನಿ, ಚೌಕಾಸಿ ಇಲ್ಲ" ಅಂದೆ.

ಜಾಹೀರಾತಿನಲ್ಲಿ 2,950 ಹಾಕಿದೆವು. ಮೋಟರ್‌ನ ಫಲಕದ ಫೋಟೋ, ಬೆಡ್ ಸವೆದ ಜಾಗದ ಫೋಟೋ, ಓಡುವ ವಿಡಿಯೋ, ದೋಷಗಳ ಪಟ್ಟಿ ಎಲ್ಲ ಹಾಕಿದೆ. ದೋಷ ಮೊದಲೇ ಹೇಳಿದರೆ ಬೆಲೆ ಬಿದ್ದುಹೋಗುತ್ತದೆ ಎಂದು ಅಣ್ಣನ ಮಗ ತಕರಾರು ತೆಗೆದ. ಆದದ್ದು ಉಲ್ಟಾ. ಬಂದವರಿಗೆ ಅನುಮಾನಪಡಲು ಏನೂ ಉಳಿದಿರಲಿಲ್ಲ. ಎಂಟನೇ ದಿನ ಮಿಲ್‌ರೈಟ್ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗ ತನ್ನ ಅಪ್ಪನ ಜೊತೆ ಬಂದು, ಎರಡು ಗಂಟೆ ನೋಡಿ, 2,600 ಕೊಟ್ಟ. ಇನ್ನೊಬ್ಬರು 2,750 ಹೇಳಿದ್ದರು, ಆದರೆ ಮುಂದಿನ ತಿಂಗಳು ಬರುತ್ತೇನೆ ಎನ್ನುತ್ತಿದ್ದರು. ಕೈಗೆ ಬಂದ ದುಡ್ಡಿಗೂ ಬರಬಹುದಾದ ದುಡ್ಡಿಗೂ 150ರ ವ್ಯತ್ಯಾಸ ಸಾಲದು ಎಂದು ನಾನೇ ಹೇಳಿದೆ. ಮಿಲ್ 1,300ಕ್ಕೆ ಹೋಯಿತು. ಡ್ರಾಯರ್‌ಗಳ ಸಾಮಾನು ಒಟ್ಟಿಗೆ 800. ಎಲ್ಲ ಸೇರಿ 4,700, ಐದು ವಾರದಲ್ಲಿ.

ನನ್ನ ಅಂದಾಜಿಗಿಂತ 300 ಕಡಿಮೆ. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಗೊತ್ತಾಯಿತು. ಡ್ರಾಯರ್‌ನ ತಳದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ನಾನು ಅದನ್ನು ತೆರೆಯದೆ, ಡ್ರಿಲ್ ಬಿಟ್‌ಗಳಿರಬೇಕೆಂದು ಪಟ್ಟಿಯಲ್ಲಿ ಬರೆದುಬಿಟ್ಟಿದ್ದೆ. ಎರಡು ವಾರದ ನಂತರ ಅದೇ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಕಾಣಿಸಿತು. ಒಳಗಿದ್ದದ್ದು ಗೇಜ್ ಬ್ಲಾಕ್‌ಗಳ ಪೂರ್ತಿ ಸೆಟ್ಟು. ಅದೊಂದಕ್ಕೇ 600 ಕೇಳುತ್ತಿದ್ದರು. ಕೇಳುವ ಬೆಲೆ ಮಾರುವ ಬೆಲೆಯಲ್ಲ ಎಂದು ಮೇಲೆ ಬರೆದವನು ನಾನೇ. ಆದರೂ ಅದು ಡ್ರಿಲ್ ಬಿಟ್‌ನ ಬೆಲೆಯಂತೂ ಅಲ್ಲ.

ಆಂಟಿಗೆ ಹೇಳಲೇಬೇಕಾಯಿತು, ಹೇಳಿದೆ. "ಹೋಗ್ಲಿ ಬಿಡಪ್ಪಾ, ನನಗೂ ಗೊತ್ತಿರ್ಲಿಲ್ಲ. ಐವತ್ತು ವರ್ಷ ಅದನ್ನ ಪ್ರತಿ ಭಾನುವಾರ ಎಣ್ಣೆ ಹಾಕಿ ಒರೆಸಿ ಇಡೋರು. ಡ್ರಿಲ್ಲು ಅಂತ ಬರ್ದಿದ್ದೆಯಾ?" ಎಂದು ನಕ್ಕರು. ಮೈಕ್ರೋಮೀಟರ್ ಒಂದನ್ನು ಮಾತ್ರ ಅವರು ಮೊದಲೇ ತೆಗೆದಿಟ್ಟುಕೊಂಡಿದ್ದರು. ಅದಕ್ಕೆ ನನ್ನ ಹತ್ತಿರ ಬೆಲೆ ಕೇಳಲಿಲ್ಲ.

ಜೇಬಿನಲ್ಲಿಟ್ಟುಕೊಳ್ಳಲು

- ಎಷ್ಟು ಸಮಯವಿದೆ ಎಂದು ಮೊದಲು ಕೇಳಿಕೊಳ್ಳಿ. ಬೆಲೆ ಆಮೇಲೆ.
- ಕಾಣುವ ಬೆಲೆಗಳ ಸರಾಸರಿ ಬೇಡ. ಬೇಗ ಮಾಯವಾದವುಗಳ ಬೆಲೆ ಬರೆದಿಡಿ.
- ಮೋಟರ್‌ನ ಫಲಕ ಓದಿ. 575 ಇದ್ದರೆ ಲೆಕ್ಕ ಬೇರೆ.
- ಕೊಳೆಗೆ ಹೆದರಬೇಡಿ, ಸವೆತಕ್ಕೆ ಹೆದರಿ.
- ಹರಾಜಿನಲ್ಲಿ ಪ್ರೀಮಿಯಂ, ತೆರಿಗೆ, ಸಾಗಣೆ, ರಿಪೇರಿ ಕಳೆದ ಮೇಲಿನದೇ ನಿಮ್ಮ ಮಿತಿ.
- ಹೋಲಿಕೆಯ ಬೆಲೆಯಲ್ಲಿ ಆಗಲೇ ಸೇರಿರುವ ಖರ್ಚನ್ನು ಮತ್ತೆ ಕಳೆಯಬೇಡಿ.
- ಬೆಲೆ ಕಟ್ಟುವವರು ನೀವಾದರೆ ಕೊಳ್ಳುವವರು ನೀವಾಗಬೇಡಿ. ಆಗಲೇಬೇಕಿದ್ದರೆ ಕೊನೆಯಲ್ಲಿ ಸಾಲಿನಲ್ಲಿ ನಿಲ್ಲಿ.
- ಪ್ರತಿ ಪೆಟ್ಟಿಗೆಯನ್ನೂ ತೆರೆದು ನೋಡಿ.

ನನ್ನ ಬೇಸ್‌ಮೆಂಟಿನಲ್ಲಿ ಈಗಲೂ ಅದೇ ಪುಟಾಣಿ ಚೀನೀ ಲೇತ್ ಇದೆ. ದೊಡ್ಡದಕ್ಕೆ ಹುಡುಕಾಟ ನಡೆದಿದೆ, ಪುಸ್ತಕ ಕೈಯಲ್ಲೇ ಇದೆ.